ಹುಬ್ಬಳ್ಳಿ–ವಿಜಯಪುರ ನಡುವೆ ಅರ್ಧ ಸೆಕೆಂಡು: ಒಂದು ಐಪಿ ಕರೆಯ ವಿಳಂಬದ ಲೆಕ್ಕ

ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮತ್ತು ಅದರ ಬಿಡಿಭಾಗಗಳ ಸಗಟು ವ್ಯಾಪಾರ ಮಾಡುವ ಒಂದು ಸಂಸ್ಥೆ. ವಿಜಯಪುರದಲ್ಲಿ ಒಂದು ಶಾಖೆ, ಬಳ್ಳಾರಿಯಲ್ಲಿ ಇನ್ನೊಂದು. ಗಿರಾಕಿಗಳ ಕರೆಗೆ ಹಳೆಯ ಪಿಆರ್‌ಐ ಲೈನನ್ನು (ಹಲವು ಕರೆ ಒಟ್ಟಿಗೆ ಹೊರುವ ಟೆಲಿಫೋನ್ ಲೈನ್) ಹಾಗೇ ಇಟ್ಟುಕೊಂಡು, ಶಾಖೆಗಳ ನಡುವಿನ ಮಾತುಕತೆಗೆ ಮಾತ್ರ ಇಂಟರ್ನೆಟ್ ಮೂಲಕ ಮಾತು ಸಾಗಿಸುವ ಐಪಿ ಫೋನ್ ಹಾಕಿಸಿದ್ದರು. ನಾಲ್ಕು ಅಂಕಿ ಒತ್ತಿದರೆ ವಿಜಯಪುರ ಗೋದಾಮಿನ ಮೇಜಿನ ಮೇಲೆ ಫೋನ್ ಹೊಡೆದುಕೊಳ್ಳುತ್ತದೆ, ಕರೆಗೆ ಬೇರೆ ದುಡ್ಡಿಲ್ಲ. ಎಕ್ಸ್‌ಚೇಂಜ್ ಪೆಟ್ಟಿಗೆ ಯಾವ ಕಚೇರಿಯಲ್ಲೂ ಇಲ್ಲ. ಫೋನ್ ವ್ಯವಸ್ಥೆ ಮಾರಿದವರ ಸರ್ವರ್‌ನಲ್ಲಿದೆ. ಆ ಸರ್ವರ್ ಎಲ್ಲಿದೆ ಎಂದು ಕೇಳಿದರೆ ‘ಕ್ಲೌಡ್‌ನಲ್ಲಿ’ ಎನ್ನುವುದಷ್ಟೇ ಇವರಿಗೆ ಗೊತ್ತಿದ್ದ ವಿಳಾಸ.

ದೂರು ಏನೆಂದು ಹುಬ್ಬಳ್ಳಿಯಲ್ಲಿ ಸ್ಟಾಕ್ ನೋಡಿಕೊಳ್ಳುವವರ ಬಾಯಲ್ಲೇ ಕೇಳುವುದು ಒಳ್ಳೆಯದು. “ನಾ ಮಾತ್ ಮುಗಿಸೂದ್ರಾಗ ಅಂವ ಸುರು ಮಾಡ್ತಾನ್ರೀ ಸರ್. ಅಂವ ಮಾತಾಡ್ಲಿ ಅಂತ ನಾ ಸುಮ್ನ ಆದ್ರ ಅಂವಾನೂ ಸುಮ್ನ ಆಗ್ತಾನ. ಆಮ್ಯಾಲ ಇಬ್ರೂ ಕೂಡೇ ಹಲೋ ಹಲೋ ಅಂತೀವಿ.” ಧ್ವನಿ ಸ್ಪಷ್ಟವಾಗಿಯೇ ಇತ್ತು, ಕರೆ ಕಟ್ಟಾಗುತ್ತಿರಲಿಲ್ಲ. ಆದರೆ ಇಬ್ಬರ ಮಾತು ಒಂದರ ಮೇಲೊಂದು ಬಿದ್ದು, ನಡುವಿನ ಅಂಕಿಯೊಂದು ಮುಚ್ಚಿಹೋಗಿ, 6205 ಬೇರಿಂಗ್ ಹೇಳಿದ್ದಕ್ಕೆ 6305 ಲಾರಿ ಹತ್ತಿ ಬಂದಿತ್ತು. ಅಲ್ಲಿಂದಾಚೆ ಗೋದಾಮಿನವರು ಮೇಜಿನ ಫೋನ್ ಬಿಟ್ಟು ಸ್ವಂತ ಮೊಬೈಲ್‌ನಲ್ಲಿ ಮಾತಾಡತೊಡಗಿದರು. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿಸಿದ ವ್ಯವಸ್ಥೆ ಮೇಜಿನ ಮೇಲೆ ಧೂಳು ಹಿಡಿಯುವುದು ಮಾಲೀಕರ ಕಣ್ಣಿಗೆ ಬಿದ್ದ ಮೇಲೆಯೇ ನನಗೆ ಕರೆ ಬಂದದ್ದು.

ಅಷ್ಟರಲ್ಲಿ ಎರಡು ತೀರ್ಪು ಆಗಲೇ ಬಂದಾಗಿತ್ತು. ಫೋನ್ ಮಾರಿದವರು “ನಿಮ್ಮ ಇಂಟರ್ನೆಟ್ ಸಾಲದು, ಪ್ಲಾನ್ ಏರಿಸಿ” ಎಂದಿದ್ದರು. ಇಂಟರ್ನೆಟ್ ಕೊಟ್ಟವರು ಹುಬ್ಬಳ್ಳಿ ಕಚೇರಿಗೆ ಬಂದು ಸ್ಪೀಡ್ ಟೆಸ್ಟ್ ಮಾಡಿ, 100 ಎಂಬಿಪಿಎಸ್ ತೋರಿಸಿ, “ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ” ಎಂದು ಹೋಗಿದ್ದರು. ಸ್ಪೀಡ್ ಟೆಸ್ಟ್ ಸುಳ್ಳು ಹೇಳಿರಲಿಲ್ಲ. ಒಂದು ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯುತ್ತದೆ ಎಂದು ಅದು ಹೇಳುತ್ತದೆ. ಒಬ್ಬನ ಬಾಯಿಂದ ಹೊರಟ ಮಾತು ಇನ್ನೊಬ್ಬನ ಕಿವಿಗೆ ಯಾವಾಗ ಮುಟ್ಟುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಇಬ್ಬರಲ್ಲಿ ಯಾರೂ ಅಳೆದಿರಲಿಲ್ಲ.

ಅಳೆಯಲು ಒಂದು ಗೆರೆ ಬೇಕಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಅದನ್ನು ಕೊಡುತ್ತದೆ. ಬಾಯಿಂದ ಕಿವಿಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನ ಒಳಗಿದ್ದರೆ ಬಹುತೇಕ ಯಾರಿಗೂ ತೊಂದರೆಯಾಗದು. 400 ದಾಟುವಂತೆ ಜಾಲವನ್ನು ಕಟ್ಟಲೇಬಾರದು. ನಡುವಿನದು ಸಹಿಸಿಕೊಳ್ಳುವ ಪ್ರದೇಶ. ಎದುರುಬದುರು ಕೂತು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಮೌನ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಅದಕ್ಕಿಂತ ದೊಡ್ಡ ವಿಳಂಬ ಕರೆಯಲ್ಲಿ ಸೇರಿಕೊಂಡರೆ, ಎದುರಿನವರು ಉತ್ತರ ಕೊಟ್ಟಾಗಿದ್ದರೂ ಅದಿನ್ನೂ ದಾರಿಯಲ್ಲಿರುತ್ತದೆ. ಇತ್ತ ನಾವು ‘ಸುಮ್ಮನಾದರು’ ಎಂದುಕೊಂಡು ಮತ್ತೆ ಬಾಯಿ ತೆರೆಯುತ್ತೇವೆ. ಸ್ಟಾಕ್‌ನವರು ಹೇಳಿದ್ದು ಇದನ್ನೇ.

ಎರಡು ಹ್ಯಾಂಡ್‌ಸೆಟ್, ಒಂದು ರಬ್ಬರ್ ಬ್ಯಾಂಡ್

ಈ ತರದ ದೂರಿಗೆ ಎಲ್ಲರೂ ಮೊದಲು ಹೊಡೆಯುವುದು ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಅದು ಮರಳಲು ಹಿಡಿದ ಹೊತ್ತು ನೋಡುವುದು. ಹುಬ್ಬಳ್ಳಿಯಿಂದ ಸರ್ವರ್‌ಗೆ ಪಿಂಗ್ 70 ಮಿಲಿಸೆಕೆಂಡು ತೋರಿಸುತ್ತಿತ್ತು, ಹೋಗಿ ಬರುವುದು ಸೇರಿ. ಅಂದರೆ ಒಂದು ದಿಕ್ಕಿಗೆ 35. ಮೇಲ್ನೋಟಕ್ಕೆ ಏನೂ ತಪ್ಪಿಲ್ಲ. ಆದರೆ ಪಿಂಗ್ ಮಾತಾಡುವುದಿಲ್ಲ. ಅದು ಧ್ವನಿಯನ್ನು ತುಂಡು ಮಾಡುವುದಿಲ್ಲ, ಆ ತುಂಡುಗಳಿಂದ ಪ್ಯಾಕೆಟ್ (ಜಾಲದಲ್ಲಿ ಸಾಗುವ ಮಾಹಿತಿಯ ಪೊಟ್ಟಣ) ತುಂಬುವ ತನಕ ಕಾಯುವುದಿಲ್ಲ, ಆ ಕಡೆಯ ಫೋನಿನ ಬಫರ್‌ನಲ್ಲಿ, ಅಂದರೆ ಬಂದದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಾಗದಲ್ಲಿ, ಕೂರುವುದಿಲ್ಲ. ಮೇಲಾಗಿ ಈ ಪಿಂಗ್‌ನಲ್ಲಿ ವಿಜಯಪುರದ ಸುದ್ದಿಯೇ ಇಲ್ಲ.

ಬಾಯಿಂದ ಕಿವಿಯ ತನಕದ ಪೂರ್ತಿ ವಿಳಂಬವನ್ನು ಹಿಡಿಯಲು ಹಳೆಯದೊಂದು ಉಪಾಯವಿದೆ. ವಿಜಯಪುರದಲ್ಲಿ ಎರಡು ಫೋನ್ ಅಕ್ಕಪಕ್ಕ ಇಡಿಸಿ, ಹುಬ್ಬಳ್ಳಿಯ ಎರಡು ಫೋನುಗಳಿಂದ ಎರಡಕ್ಕೂ ಬೇರೆ ಬೇರೆ ಕರೆ ಹಾಕಿದೆವು. ವಿಜಯಪುರದ ಹುಡುಗನಿಗೆ ಒಂದು ಹ್ಯಾಂಡ್‌ಸೆಟ್‌ನ ಕಿವಿಯ ಭಾಗವನ್ನು ಇನ್ನೊಂದರ ಬಾಯಿಯ ಭಾಗಕ್ಕೆ ತಾಗಿಸಿ, ಎರಡನ್ನೂ ರಬ್ಬರ್ ಬ್ಯಾಂಡ್ ಹಾಕಿ ಬಿಗಿದು ಕೆಳಗಿಡಲು ಹೇಳಿದೆ. ಈಗ ಹುಬ್ಬಳ್ಳಿಯ ಮೊದಲ ಫೋನಿನಲ್ಲಿ ಮಾಡಿದ ಸದ್ದು ವಿಜಯಪುರಕ್ಕೆ ಹೋಗಿ, ಅಲ್ಲಿ ಒಂದು ಹ್ಯಾಂಡ್‌ಸೆಟ್‌ನಿಂದ ಇನ್ನೊಂದಕ್ಕೆ ದಾಟಿ, ಹುಬ್ಬಳ್ಳಿಯ ಎರಡನೇ ಫೋನಿಗೆ ಬರುತ್ತದೆ. ಒಂದೇ ಫೋನಿನಲ್ಲಿ ಸದ್ದನ್ನು ವಾಪಸ್ ಕಳಿಸಲು ಹೋದರೆ ಅದರೊಳಗಿನ ಪ್ರತಿಧ್ವನಿ ನಿವಾರಕ ಅದನ್ನು ನುಂಗಿಹಾಕುತ್ತದೆ. ಬರುವ ಕರೆ ಒಂದು, ಹೋಗುವ ಕರೆ ಬೇರೆ ಆದಾಗ ಆ ತಂಟೆ ಇಲ್ಲ.

ಮೇಜಿನ ಮೇಲೆ ಎರಡೂ ಫೋನಿನ ನಡುವೆ ಒಂದು ಮೊಬೈಲ್ ಇಟ್ಟು ರೆಕಾರ್ಡಿಂಗ್ ಹಾಕಿ, ಮೊದಲ ಹ್ಯಾಂಡ್‌ಸೆಟ್‌ನ ಬಾಯಿಯ ಬಳಿ ಪೆನ್ನಿನಿಂದ ಟಕ್ ಎಂದು ಬಡಿದರೆ ಸಾಕು. ರೆಕಾರ್ಡಿಂಗನ್ನು ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಒಂದು ಉದ್ದನೆಯ ಮುಳ್ಳು, ಸ್ವಲ್ಪ ಆಚೆಗೆ ಅದರದೇ ಕುಳ್ಳ ತಮ್ಮನಂಥ ಇನ್ನೊಂದು ಮುಳ್ಳು. ಎರಡರ ನಡುವನ್ನು ಮೌಸ್‌ನಿಂದ ಎಳೆದು ಆರಿಸಿಕೊಂಡರೆ ಕೆಳಗೆ ಸಮಯ ಬರುತ್ತದೆ. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ 0.46 ಸೆಕೆಂಡಿನ ಆಸುಪಾಸು. ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಬಡಿದಾಗ 0.7 ದಾಟಿತ್ತು, ಅದೂ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ.

ಇದರಲ್ಲೇ ಅರ್ಧ ಉತ್ತರವಿದೆ. ರೋಗ ಒಂದಲ್ಲ, ಎರಡು. ಒಂದು ಯಾವಾಗಲೂ ಇರುವಂಥದ್ದು, ಬೆಳಗ್ಗೆಯೂ ಒಂದು ದಿಕ್ಕಿಗೆ (ಸುತ್ತಿನ 0.46ರಲ್ಲಿ ಅರ್ಧ) ಸರಾಸರಿ 230 ಮಿಲಿಸೆಕೆಂಡಿನಷ್ಟು ತಿನ್ನುವಂಥದ್ದು. ಇನ್ನೊಂದು ಹೊತ್ತು ನೋಡಿ ಬರುವಂಥದ್ದು. ಗೋದಾಮಿನವರು ಮಾತಿನ ನಡುವೆ ಹೇಳಿದ ಒಂದು ಸಂಗತಿಯೂ ಇದಕ್ಕೆ ಹೊಂದಿತು: ಅದೇ ಕಚೇರಿ ವೈಫೈನಲ್ಲಿ ಬೆಳಗ್ಗೆ ವಾಟ್ಸ್‌ಆ್ಯಪ್ ಕರೆ ಮಾಡಿದರೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಅದೂ ಕೆಡುತ್ತದೆ. ಬೆಳಗ್ಗೆ ಕೆಡದ ವಾಟ್ಸ್‌ಆ್ಯಪ್ ‘ತಂತಿಯಲ್ಲಿ ದೋಷವಿಲ್ಲ, ನಿಮ್ಮ ಫೋನ್ ವ್ಯವಸ್ಥೆಯ ದಾರಿಯಲ್ಲಿ ಹುಡುಕಿ’ ಎನ್ನುತ್ತಿತ್ತು. ಮಧ್ಯಾಹ್ನ ಎರಡೂ ಒಟ್ಟಿಗೆ ಕೆಡುವುದು ಎರಡಕ್ಕೂ ಸೇರಿದ ತಂತಿಯತ್ತ ಕೈ ತೋರಿಸುತ್ತಿತ್ತು. ಇಂಥ ಸುಳಿವು ಯಾವ ಸಾಫ್ಟ್‌ವೇರ್‌ನಲ್ಲೂ ಸಿಗುವುದಿಲ್ಲ. ದಿನವಿಡೀ ಫೋನ್ ಹಿಡಿದವರನ್ನೇ ಕೇಳಬೇಕು.

ಬೆಳಗಿನ ವಿಳಂಬ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ರಸ್ತೆಯಲ್ಲಿ 200 ಕಿಲೋಮೀಟರ್ ಲೆಕ್ಕ ಹಿಡಿಯೋಣ. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಈ ದೂರಕ್ಕೆ 1 ಮಿಲಿಸೆಕೆಂಡು. ಉಳಿದ 229 ಎಲ್ಲಿ ಹೋಯಿತು?

ಸರ್ವರ್‌ಗೆ ಟ್ರೇಸ್‌ರೂಟ್ (ಪ್ಯಾಕೆಟ್ ಹಾಯುವ ರೌಟರುಗಳನ್ನು ಒಂದೊಂದಾಗಿ ತೋರಿಸುವ ಪರೀಕ್ಷೆ) ಹಾಕಿದಾಗ ದಾರಿ ಬೆಂಗಳೂರು, ಚೆನ್ನೈ ದಾಟಿ, ಮುಂದಿನ ರೌಟರುಗಳ ಹೆಸರಿನಲ್ಲಿ ಸಿಂಗಾಪುರದ ಕೋಡ್ ಕಾಣಿಸಿತು. ಚೆನ್ನೈಯಿಂದ ಸಿಂಗಾಪುರಕ್ಕೆ ಸಮುದ್ರದಡಿಯ ಕೇಬಲ್ಲೇ 3,000 ಕಿಲೋಮೀಟರ್‌ಗಿಂತ ಉದ್ದ. ಎರಡೂ ಕಚೇರಿಗಳು ರೌಟರಿನ ನ್ಯಾಟ್ (ಒಳಗಿನ ಸಾಧನಗಳ ವಿಳಾಸವನ್ನು ಹೊರಗೆ ಕಾಣಿಸದ ವ್ಯವಸ್ಥೆ) ಹಿಂದೆ ಇರುವುದರಿಂದ ಫೋನುಗಳು ಒಂದಕ್ಕೊಂದು ನೇರವಾಗಿ ಧ್ವನಿ ಕಳಿಸುತ್ತಿರಲಿಲ್ಲ. ಕರೆ ಹಚ್ಚುವುದು ಮಾತ್ರವಲ್ಲ, ಮಾತಿನ ಪ್ರತಿ ಪ್ಯಾಕೆಟ್ಟೂ ಸರ್ವರ್ ಮುಟ್ಟಿಯೇ ಬರಬೇಕು. ಹೀಗಾಗಿ ವಿಜಯಪುರದ ಗೋದಾಮಿನಲ್ಲಿ ಆಡಿದ ಮಾತು ಬಂಗಾಳ ಕೊಲ್ಲಿ ದಾಟಿ ಸಿಂಗಾಪುರಕ್ಕೆ ಹೋಗಿ, ಮತ್ತೆ ಅದೇ ಕೊಲ್ಲಿ ದಾಟಿ ಹುಬ್ಬಳ್ಳಿಗೆ ಬರುತ್ತಿತ್ತು. ವಿಜಯಪುರದಿಂದ ಅಲ್ಲಿಗೆ 40, ಅಲ್ಲಿಂದ ಹುಬ್ಬಳ್ಳಿಗೆ 35. ಇಲ್ಲಿಗೆ 75 ಸಿಕ್ಕಿತು.

ಇದಕ್ಕೇ ಎಲ್ಲವನ್ನೂ ಕಟ್ಟಿ ‘ಸರ್ವರ್ ದೂರ ಇದೆ’ ಎಂದು ಕೈ ತೊಳೆದುಕೊಳ್ಳುವವರು ಬೇಕಾದಷ್ಟು. ಆದರೆ 75 ಎಂದರೆ 230ರಲ್ಲಿ ಮೂರನೇ ಒಂದು ಪಾಲಷ್ಟೇ. ಉಳಿದದ್ದಕ್ಕೆ ಹುಬ್ಬಳ್ಳಿಯ ಸ್ವಿಚ್‌ನಲ್ಲಿ ಫೋನಿನ ಪೋರ್ಟ್‌ಗೆ ಕನ್ನಡಿ ಹಿಡಿದು, ಅಂದರೆ ಅಲ್ಲಿ ಹರಿಯುವುದರ ನಕಲು ತೆಗೆದು, ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್‌ನಲ್ಲಿ ಪ್ಯಾಕೆಟ್ಟುಗಳನ್ನು ನೋಡಬೇಕಾಯಿತು, ವಿಜಯಪುರದಲ್ಲೂ ಹಾಗೇ. ವಿಜಯಪುರದ ಫೋನ್ ಹೊರಹಾಕುವ ಆರ್‌ಟಿಪಿ (ಧ್ವನಿ ಹೊತ್ತ ಪ್ಯಾಕೆಟ್ಟುಗಳ) ಸಾಲಿನಲ್ಲಿ ಎರಡು ಪ್ಯಾಕೆಟ್ಟುಗಳ ನಡುವಿನ ಅಂತರ ಓದಿದರೆ 60, 60, 60, 60. ಸಾಮಾನ್ಯವಾಗಿ ಇದು 20 ಇರುತ್ತದೆ. ಯಾರೋ ಶಾಖೆಯ ಫೋನುಗಳಿಗೆ ಜಿ.729 ಕೋಡೆಕ್ (ಮಾತನ್ನು ಅಂಕಿಗಳಾಗಿ ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನ) ಹಾಕಿ, ಒಂದೊಂದು ಪ್ಯಾಕೆಟ್‌ನಲ್ಲಿ 60 ಮಿಲಿಸೆಕೆಂಡಿನ ಮಾತು ತುಂಬುವಂತೆ ಮಾಡಿಟ್ಟಿದ್ದರು.

ಮಾಡಿದ್ದರ ಹಿಂದೆ ಒಂದು ತರ್ಕವಿದೆ, ಅದು ಹಳೆಯ ಕಾಲದ್ದು. ಜಿ.729 ಸೆಕೆಂಡಿಗೆ 8 ಕಿಲೋಬಿಟ್‌ನಲ್ಲಿ ಮಾತನ್ನು ಹಿಡಿದಿಡುತ್ತದೆ, ಅಂದರೆ 20 ಮಿಲಿಸೆಕೆಂಡಿನ ಮಾತಿಗೆ ಬರೀ 20 ಬೈಟ್. ಅದರ ಮೇಲೆ ಐಪಿ, ಯುಡಿಪಿ, ಆರ್‌ಟಿಪಿ ತಲೆಬರಹಗಳು (ಪ್ಯಾಕೆಟ್ ಮೇಲಿನ ವಿಳಾಸ ಚೀಟಿ ಇದ್ದಂತೆ) ಸೇರಿ 40 ಬೈಟ್. ಒಡವೆಗಿಂತ ಡಬ್ಬಿಯೇ ಭಾರ. 60 ಮಿಲಿಸೆಕೆಂಡು ಒಟ್ಟಿಗೆ ತುಂಬಿದರೆ ಅದೇ 40 ಬೈಟ್‌ನ ಡಬ್ಬಿಯಲ್ಲಿ 60 ಬೈಟ್ ಮಾತು ಹೋಗುತ್ತದೆ; ಒಂದು ಕರೆಯ ಭಾರ 24 ಕೆಬಿಪಿಎಸ್‌ನಿಂದ 13 ಕೆಬಿಪಿಎಸ್ ಚಿಲ್ಲರೆಗೆ ಇಳಿಯುತ್ತದೆ. 128 ಕೆಬಿಪಿಎಸ್ ಲೀಸ್ಡ್ ಲೈನ್‌ನಲ್ಲಿ ಶಾಖೆ ನಡೆಸುತ್ತಿದ್ದ ಕಾಲದಲ್ಲಿ ಇದು ಜಾಣತನ. ಈಗ ಇದೇ ಶಾಖೆಗೆ ಅಪ್‌ಲೋಡ್ 2 ಎಂಬಿಪಿಎಸ್ ಇದೆ. ಕರೆಯೊಂದಕ್ಕೆ ಉಳಿದ ಹನ್ನೊಂದು ಕೆಬಿಪಿಎಸ್‌ಗಾಗಿ, ಆಡಿದ ಮಾತು ಫೋನಿನ ಒಳಗೇ 60 ಮಿಲಿಸೆಕೆಂಡು ಕಾದು ಕೂತಿರಬೇಕು. ಮುಂದಿನ ತುಣುಕನ್ನು ಇಣುಕಿ ನೋಡಲು ಜಿ.729ಗೆ ಇನ್ನೂ 5 ಬೇಕು. ಪ್ಯಾಕೆಟ್ ಫೋನ್ ಬಿಡುವ ಮೊದಲೇ 65 ಖರ್ಚು. ಜೊತೆಗೆ ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ 60 ಮಿಲಿಸೆಕೆಂಡಿನ ಮಾತು ಹೋಯಿತು, ‘ಆರು ಸಾವಿರದ ಇನ್ನೂರು’ ಅನ್ನುವಾಗ ಒಂದು ಅಕ್ಷರವೇ ಮಾಯ.

ಹುಬ್ಬಳ್ಳಿಯ ಫೋನುಗಳಲ್ಲಿ ಮಾತ್ರ ಜಿ.711, 20 ಮಿಲಿಸೆಕೆಂಡಿನ ಪ್ಯಾಕೆಟ್. ಎರಡು ಊರಿನಲ್ಲಿ ಎರಡು ಕೋಡೆಕ್ ಇದ್ದುದರಿಂದ ಸಿಂಗಾಪುರದ ಸರ್ವರ್ ಪ್ರತಿ ಕರೆಯನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಜಿ.729ರಿಂದ ಜಿ.711ಕ್ಕೆ ಬರುವಾಗ ಇದಕ್ಕೆ ಹೆಚ್ಚು ಹೊತ್ತು ಬೇಡ, ಸುಮಾರು 15. ಆದರೆ ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಹೋಗುವಾಗ 20ರ ಮೂರು ಪ್ಯಾಕೆಟ್ ಕೂಡಿಸಿ 60ರ ಒಂದನ್ನು ಮಾಡಬೇಕು. ಮೊದಲನೆಯದು ಉಳಿದೆರಡಕ್ಕೆ ಕಾಯುತ್ತದೆ. ಅಲ್ಲಿ ಸುಮಾರು 50.

ಊಟದ ಹೊತ್ತಿನ ವಿಳಂಬ

ಇದನ್ನು ಹಿಡಿಯಲು ದೊಡ್ಡ ಸಾಧನ ಬೇಕಾಗಲಿಲ್ಲ. ವಿಜಯಪುರದ ಬಿಲ್ಲಿಂಗ್ ಕಂಪ್ಯೂಟರ್‌ನಿಂದ, ಸಿಂಗಾಪುರಕ್ಕಲ್ಲ, ಇಂಟರ್ನೆಟ್ ಕಂಪನಿಯ ಮೊದಲ ಗೇಟ್‌ವೇಗೆ ಸೆಕೆಂಡಿಗೊಂದರಂತೆ ದಿನವಿಡೀ ಪಿಂಗ್ ಓಡುತ್ತಿರಲಿ ಎಂದು ಬಿಟ್ಟಿದ್ದೆ. ಬೆಳಗಿನ ಸಾಲು ಹೀಗಿದೆ: 9, 8, 9, 11, 9. ಮಧ್ಯಾಹ್ನ ಒಂದೂವರೆಯ ನಂತರದ ಸಾಲು: 10, 84, 171, 238, 257, 260, 259, 122, 201, 258. ಪಕ್ಕದ ಗೇಟ್‌ವೇ ಮುಟ್ಟಿ ಬರಲು ಸಿಂಗಾಪುರಕ್ಕೆ ಹೋಗಿ ಬರುವುದಕ್ಕಿಂತ ಮೂರು ಪಟ್ಟು ಹೊತ್ತು! ಮತ್ತು 260ರ ಹತ್ತಿರ ಬಂದು ಛಾವಣಿಗೆ ತಲೆ ತಾಗಿದ ಹಾಗೆ ನಿಲ್ಲುತ್ತಿತ್ತು.

ಆ ಛಾವಣಿಯೇ ಕಾರಣವನ್ನು ಹೇಳುತ್ತದೆ. ಖಾಲಿ ಇದ್ದಾಗ 9, ತುಂಬಿದಾಗ 260. ನಡುವಿನ 250 ಮಿಲಿಸೆಕೆಂಡು ಎಲ್ಲೋ ಸರದಿಯಲ್ಲಿ ನಿಂತ ಹೊತ್ತು. 2 ಎಂಬಿಪಿಎಸ್ ದರದಲ್ಲಿ 250 ಮಿಲಿಸೆಕೆಂಡಿಗೆ ಹೊರಹೋಗುವ ಮಾಹಿತಿ 5 ಲಕ್ಷ ಬಿಟ್, ಅಂದರೆ 62 ಕಿಲೋಬೈಟ್ ಚಿಲ್ಲರೆ. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ ಅಪ್‌ಲೋಡ್ ಸರದಿಗೆ ಸುಮಾರು 64 ಕಿಲೋಬೈಟ್ ಜಾಗ ಇದೆ ಎಂದಾಯಿತು. ಯಾವ ಕೈಪಿಡಿಯಲ್ಲೂ ಇದನ್ನು ಬರೆದಿರುವುದಿಲ್ಲ, ಹೀಗೆ ಹಿಂದಿನಿಂದ ಲೆಕ್ಕ ಹಾಕಿಯೇ ತಿಳಿಯಬೇಕು.

ತುಂಬುತ್ತಿದ್ದವರು ಯಾರು? ಶಾಖೆಯ ಮ್ಯಾನೇಜರ್ ಮೊದಲು ಸಿಸಿಟಿವಿ ಮೇಲೆ ಸಂಶಯ ಪಟ್ಟರು. ಕ್ಯಾಮೆರಾ ರೆಕಾರ್ಡಿಂಗ್ ಗೋಡೆಯ ಮೇಲಿನ ಡಬ್ಬಿಯಲ್ಲೇ ಉಳಿಯುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ವೈಫೈಗೆ ಸೇರಿದ ಸಾಧನಗಳ ಪಟ್ಟಿಯನ್ನು ಗಂಟೆಗಂಟೆಗೆ ನೋಡಿದಾಗ ಚಿತ್ರ ಬಿಡಿಸಿಕೊಂಡಿತು. ಊಟಕ್ಕೆ ಡೆಲಿವರಿ ಹುಡುಗರು ವಾಪಸ್ ಬರುತ್ತಾರೆ. ಮಾಲು ಇಳಿಸಿದ ಕಡೆಯೆಲ್ಲ ಚಲನ್, ಪಂಪು, ರಶೀದಿ ಅಂತ ಫೋಟೊ ಹೊಡೆದಿರುತ್ತಾರೆ. ಅದು ಸಂಸ್ಥೆಯದೇ ನಿಯಮ. ಕಚೇರಿ ವೈಫೈ ಸಿಕ್ಕ ಕೂಡಲೇ ಅವರ ಮೊಬೈಲುಗಳು ಬೆಳಗಿನ ಫೋಟೊಗಳನ್ನೆಲ್ಲ ಬ್ಯಾಕಪ್‌ಗೆ ಏರಿಸತೊಡಗುತ್ತವೆ. ಹುಡುಗರು ರೊಟ್ಟಿ ಮುರಿಯುತ್ತಾ ಕೂತಿರುವಾಗ ಅವರ ಜೇಬಿನಲ್ಲಿ ಕೆಲಸ ನಡೆದಿರುತ್ತದೆ. ಸಂಜೆ ಬೀಗ ಹಾಕುವ ಮುಂಚೆ ಮತ್ತೊಂದು ಸುತ್ತು. ಫೋಟೊಗಳು ಮೇಲಕ್ಕೆ ಹೋಗುವುದರಿಂದ ಸರದಿ ಉದ್ದವಾಗುವುದೂ ಮೇಲಕ್ಕೆ ಹೋಗುವ ದಿಕ್ಕಿನಲ್ಲೇ. ವಿಜಯಪುರದವರ ಮಾತು ಹುಬ್ಬಳ್ಳಿಗೆ ತಡವಾಗಿ ಮುಟ್ಟುತ್ತಿತ್ತು. ಹುಬ್ಬಳ್ಳಿಯವರ ಮಾತು ವಿಜಯಪುರಕ್ಕೆ ಎಂದಿನಂತೆಯೇ ಹೋಗುತ್ತಿತ್ತು.

ಪ್ಲಾನ್ ಏರಿಸಿ ಎಂಬ ಸಲಹೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಫೈಲ್ ಕಳಿಸುವ ಟಿಸಿಪಿ ಎಂಬ ಇಂಟರ್ನೆಟ್ ಕ್ರಮಕ್ಕೆ ‘ಸಾಕು’ ಎಂದು ತಿಳಿಯುವುದು ಹೆಚ್ಚಾಗಿ ಪ್ಯಾಕೆಟ್ ಬಿದ್ದುಹೋದಾಗ. ಬಫರ್ ದೊಡ್ಡದಿದ್ದರೆ ಪ್ಯಾಕೆಟ್ ಬೀಳುವ ಮೊದಲು ಬಫರ್ ಪೂರ್ತಿ ತುಂಬಿರುತ್ತದೆ. ಅಪ್‌ಲೋಡ್ 2ರಿಂದ 4 ಎಂಬಿಪಿಎಸ್ ಆದರೆ ಸರದಿಯ ಗರಿಷ್ಠ ಕಾಯುವಿಕೆ ಅರ್ಧವಾಗುತ್ತದೆ, ನಿಜ, ಆದರೆ ಫೋಟೊ ಏರುತ್ತಿರುವಷ್ಟು ಹೊತ್ತೂ ಸರದಿ ತುಂಬಿಯೇ ಇರುತ್ತದೆ. 2010ರ ಹೊತ್ತಿಗೆ ಜಿಮ್ ಗೆಟಿಸ್ ಎಂಬ ಅಮೆರಿಕದ ಇಂಜಿನಿಯರ್ ತಮ್ಮ ಮನೆಯಿಂದ ದೊಡ್ಡ ಫೈಲ್ ಕಳಿಸುವಾಗ ವಿಳಂಬ ಒಂದು ಸೆಕೆಂಡು ದಾಟುವುದನ್ನು ಕಂಡು ಬೆನ್ನು ಹತ್ತಿದ್ದು ಇದನ್ನೇ. ಬಫರ್‌ಬ್ಲೋಟ್ ಎಂಬ ಹೆಸರು ಚಾಲ್ತಿಗೆ ಬಂದದ್ದು ಅಲ್ಲಿಂದ. ವಿಜಯಪುರದ್ದು ಅದರ ಸಣ್ಣ ಮಾದರಿ.

ಕಾಯಿಸುವ ಬಫರ್

ಇನ್ನೊಂದು ಪಾಲು ಉಳಿದಿದೆ, ಅದು ಕೇಳುವವರ ಫೋನಿನ ಒಳಗೆ. ಪ್ಯಾಕೆಟ್ಟುಗಳು ಒಂದು ಬೇಗ, ಒಂದು ತಡ ಬರುತ್ತವೆ; ಬಂದ ಹಾಗೇ ನುಡಿಸಿದರೆ ಮಾತು ಕುಂಟುತ್ತದೆ. ಅದಕ್ಕೆ ಫೋನಿನಲ್ಲಿ ಜಿಟರ್ ಬಫರ್ ಇರುತ್ತದೆ, ಎಲ್ಲವನ್ನೂ ಸ್ವಲ್ಪ ಹಿಡಿದಿಟ್ಟು ಒಂದೇ ಲಯದಲ್ಲಿ ಹೊರಬಿಡುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕೊನೆಯ ಎಲೆಗೂ ಬಡಿಸಿ ಆಗುವ ತನಕ ಮೊದಲ ಎಲೆಯವರು ಕೈ ಹಾಕದೆ ಕೂತಿರುತ್ತಾರಲ್ಲ, ಹಾಗೆ. ಬೇಗ ಬಂದ ಪ್ಯಾಕೆಟ್ಟೂ ಅತಿ ತಡವಾಗಿ ಬರುವುದಕ್ಕೆ ಕಾಯಲೇಬೇಕು.

ಇದರಿಂದ ಲೆಕ್ಕದಲ್ಲಿ ಒಂದು ಸೂಕ್ಷ್ಮ ಬರುತ್ತದೆ, ಅನೇಕರು ಎಡವುವುದು ಇಲ್ಲೇ. ಸರದಿಯ 250 ಬೇರೆ, ಬಫರ್‌ನ 250 ಬೇರೆ ಎಂದು ಕೂಡಿಸಿ 500 ಮಾಡಬಾರದು. ಸರದಿಯಲ್ಲಿ ಪೂರ್ತಿ ನಿಂತು ಬಂದ ಪ್ಯಾಕೆಟ್ ಬಫರ್‌ನಲ್ಲಿ ನಿಲ್ಲುವುದಿಲ್ಲ, ಬಂದ ಕೂಡಲೇ ನುಡಿಯುತ್ತದೆ. ಸರದಿಯೇ ಇಲ್ಲದೆ ಓಡಿ ಬಂದದ್ದು ಬಫರ್‌ನಲ್ಲಿ 250 ನಿಲ್ಲುತ್ತದೆ. ಎರಡಕ್ಕೂ ಸೇರಿ ಒಟ್ಟು ಒಂದೇ. ಆದ್ದರಿಂದಲೇ ಸರಾಸರಿ ಪಿಂಗ್ ನೋಡಿ ಸಮಾಧಾನ ಪಟ್ಟುಕೊಂಡರೆ ಪ್ರಯೋಜನವಿಲ್ಲ: ಕರೆಯ ವಿಳಂಬವನ್ನು ಗೊತ್ತುಮಾಡುವುದು ಅತಿ ತಡವಾಗಿ ಬರುವ ಪ್ಯಾಕೆಟ್ಟು. ಈ ಫೋನುಗಳ ಬಫರ್ ಹೊಂದಿಕೊಳ್ಳುವ ಜಾತಿಯದು, ಏರುವುದು ಬೇಗ, ಇಳಿಯುವುದು ನಿಧಾನ. ಫೋಟೊ ಏರಿ ಮುಗಿದ ಮೇಲೂ ನಡೆಯುತ್ತಿದ್ದ ಕರೆಯಲ್ಲಿ ವಿಳಂಬ ಕೂಡಲೇ ಕರಗುತ್ತಿರಲಿಲ್ಲ.

ಬೆಳಗ್ಗೆ, ಸರದಿ ಇಲ್ಲದಾಗಲೂ, ಬಫರ್ ಸುಮಾರು 60 ಹಿಡಿದಿರುತ್ತಿತ್ತು. ಪ್ಯಾಕೆಟ್ ಒಂದಕ್ಕೆ 60ರ ಮಾತು ತುಂಬಿದರೆ ಬಫರ್ ಅದಕ್ಕಿಂತ ಕೆಳಗೆ ಇಳಿಯಲು ಹೆದರುತ್ತದೆ. ದೊಡ್ಡ ಪ್ಯಾಕೆಟ್‌ಗೆ ಎರಡು ಕಡೆ ದಂಡ, ಹೊರಡುವಾಗ ಒಂದು, ಮುಟ್ಟುವಾಗ ಒಂದು.

ಈಗ ವಿಜಯಪುರದಿಂದ ಹುಬ್ಬಳ್ಳಿಗೆ ಬರುವ ಮಾತನ್ನು ಹಿಡಿದು ಕೂಡಿಸಬಹುದು. ಮೈಕು ಮತ್ತು ಫೋನಿನ ಒಳಗಿನ ಕೆಲಸಕ್ಕೆ 10, ಕೋಡೆಕ್ ಮತ್ತು ಪ್ಯಾಕೆಟ್ ತುಂಬಲು 65, ಸಿಂಗಾಪುರಕ್ಕೆ 40, ಅಲ್ಲಿ ಬಿಚ್ಚಿ ಕಟ್ಟಲು 15, ಹುಬ್ಬಳ್ಳಿಗೆ 35, ಬಫರ್ 60, ಸ್ಪೀಕರ್ ತನಕ 10: ಒಟ್ಟು 235. ಆ ಕಡೆಗೆ ಹೋಗುವಾಗ ಇದೇ ಕ್ರಮದಲ್ಲಿ 10, 20, 35, 50, 40, 60, 10, ಒಟ್ಟು 225. ಎರಡೂ ಸೇರಿ 460, ಬೆಳಗಿನ ಪೆನ್ನಿನ ಟಕ್ ಹೇಳಿದ್ದೂ ಅಷ್ಟನ್ನೇ. ಊಟದ ಹೊತ್ತಿಗೆ ಮೊದಲಿನ 235ಕ್ಕೆ ಸರದಿಯ 250 ಸೇರಿ 485, ಸುತ್ತು 710. ಮೈಕು, ಸ್ಪೀಕರ್, ಸರ್ವರ್ ಒಳಗಿನ ಪಾಲುಗಳು ಅಂದಾಜಿನವು, ಉಳಿದವು ಅಳೆದವು ಇಲ್ಲವೆ ಗುಣಿಸಿದವು. ಮೇಲಿನಿಂದ ಅಳೆದ ಒಟ್ಟು, ಕೆಳಗಿನಿಂದ ಕೂಡಿಸಿದ ಒಟ್ಟು ತಾಳೆಯಾಗದೆ ರಿಪೇರಿಗೆ ಕೈ ಹಾಕುವುದು ನನಗೆ ಇಷ್ಟವಿಲ್ಲ.

ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಕ್ಕೆ ಸಿಗ್ನಲ್ ಹೋಗಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು. ಉಪಗ್ರಹದ ಮೂಲಕ ಬರುತ್ತಿದ್ದ ಐಎಸ್‌ಡಿ ಕರೆಗಳಲ್ಲಿ ವಿದೇಶದ ನೆಂಟರ ಜೊತೆ ಮಾತಾಡಿದವರಿಗೆ ಆ ತಡೆ ನೆನಪಿರಬಹುದು. ಹುಬ್ಬಳ್ಳಿ–ವಿಜಯಪುರದ ಮಧ್ಯಾಹ್ನದ ಕರೆ ಅಂಥ ಎರಡು ಜಿಗಿತಕ್ಕೆ ಸಮ.

ರಿಪೇರಿ

ಒಂದು ಬದಲಾವಣೆ, ಒಂದು ಅಳತೆ, ಆಮೇಲೆ ಮುಂದಿನದು ಎಂಬ ಕ್ರಮದಲ್ಲೇ ಹೋದೆವು. ಮೊದಲು ಬಿಟ್ಟಿ ಕೆಲಸ: ವಿಜಯಪುರದ ಫೋನುಗಳಿಗೂ ಜಿ.711, 20 ಮಿಲಿಸೆಕೆಂಡು. ತಲೆಬರಹ ಎಲ್ಲ ಸೇರಿ ಈಥರ್ನೆಟ್ ಮೇಲೆ ಒಂದು ಕರೆಗೆ 87 ಕೆಬಿಪಿಎಸ್ ಆಗುತ್ತದೆ. ಏಕಕಾಲಕ್ಕೆ ನಾಲ್ಕು ಕರೆ ನಡೆದರೂ 350ರೊಳಗೆ, 2 ಎಂಬಿಪಿಎಸ್‌ಗೆ ಭಾರವಲ್ಲ. ಬಿಚ್ಚಿ ಕಟ್ಟುವ ಕೆಲಸ ಸರ್ವರ್‌ಗೆ ತಪ್ಪಿತು. ಬಫರ್ 40ಕ್ಕೆ ಇಳಿಯಿತು. ಬೆಳಗಿನ ಒಂದು ದಿಕ್ಕಿನ ವಿಳಂಬ 160ಕ್ಕೆ ಬಂತು, ಒಂದು ರೂಪಾಯಿ ಖರ್ಚಿಲ್ಲದೆ.

ಎರಡನೆಯದಕ್ಕೆ ಮಾತ್ರ ಸ್ವಲ್ಪ ಜಗ್ಗಾಡಬೇಕಾಯಿತು. ಫೋನ್ ಮಾರಿದವರಿಗೆ ಮುಂಬೈಯಲ್ಲೂ ಸರ್ವರ್ ಇತ್ತು. ಖಾತೆ ತೆರೆಯುವಾಗ ಯಾರೂ ಊರು ಆರಿಸದೆ ಬಿಟ್ಟದ್ದರಿಂದ ತಾನಾಗಿ ಸಿಂಗಾಪುರಕ್ಕೆ ಹೋಗಿ ಕೂತಿತ್ತು. “ಅದರಿಂದ ಏನೂ ವ್ಯತ್ಯಾಸ ಆಗಲ್ಲ ಸರ್” ಎಂಬ ಉತ್ತರಕ್ಕೆ ಟ್ರೇಸ್‌ರೂಟ್ ಕಳಿಸಿದ ಮೇಲೆ ಮುಂಬೈಗೆ ವರ್ಗ ಮಾಡಿದರು. ವಿಜಯಪುರದಿಂದ ಅಲ್ಲಿಗೆ 15, ಅಲ್ಲಿಂದ ಹುಬ್ಬಳ್ಳಿಗೆ 12. ಒಟ್ಟು 112ಕ್ಕೆ ಇಳಿಯಿತು.

ಊಟದ ಹೊತ್ತಿನ ರೋಗಕ್ಕೆ ಹುಡುಗರ ವೈಫೈ ಬಂದ್ ಮಾಡಿಬಿಡೋಣ ಎಂದು ಮಾಲೀಕರು ಹೊರಟಿದ್ದರು. ಫೋಟೊ ಬೇಕು ಎಂದವರು ಅವರೇ, ಹುಡುಗರ ಸ್ವಂತ ಡೇಟಾ ಸುಡುವುದು ನ್ಯಾಯವಲ್ಲ ಎಂದೆ. ಇಂಟರ್ನೆಟ್ ಕಂಪನಿಯ ಪೆಟ್ಟಿಗೆಗೆ ಮುಂದೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಸಾಫ್ಟ್‌ವೇರ್ ಹಾಕಿದ ಸಣ್ಣ ರೌಟರ್ ಇಟ್ಟು, ಅಪ್‌ಲೋಡನ್ನು 1.8 ಎಂಬಿಪಿಎಸ್‌ಗೆ ಕಟ್ಟಿ, ಸರದಿಯನ್ನು ಹತೋಟಿಯಲ್ಲಿಡುವ ಎಫ್‌ಕ್ಯೂ-ಕೋಡೆಲ್ ಹಚ್ಚಿದೆವು. ಬೇಕೆಂದೇ ಸ್ವಲ್ಪ ವೇಗ ಬಿಟ್ಟುಕೊಡುವುದು ಏಕೆಂದರೆ, ಸರದಿ ಕಂಪನಿಯ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ರೌಟರ್‌ನಲ್ಲಿ ಬೆಳೆಯಬೇಕು. ಅಲ್ಲಿ ಅದರ ಜುಟ್ಟು ನಮ್ಮ ಕೈಯಲ್ಲಿರುತ್ತದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಮುಂದಿಟ್ಟ ಕೋಡೆಲ್, ಪ್ಯಾಕೆಟ್ ಸರದಿಯಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದನ್ನೇ ನೋಡುತ್ತದೆ, ಸರದಿ ಎಷ್ಟು ಉದ್ದ ಎಂಬುದನ್ನಲ್ಲ. ಹೆಚ್ಚು ಹೊತ್ತು ನಿಲ್ಲತೊಡಗಿದರೆ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬೀಳಿಸಿ ಟಿಸಿಪಿಗೆ ‘ನಿಧಾನ’ ಎಂದು ತಿಳಿಸುತ್ತದೆ. ಎಫ್‌ಕ್ಯೂ ಭಾಗ ಪ್ರತಿ ಹರಿವಿಗೂ ಬೇರೆ ಸಾಲು ಮಾಡುತ್ತದೆ, ಹೀಗಾಗಿ ಸಣ್ಣಗೆ ಬರುವ ಧ್ವನಿಯ ಪ್ಯಾಕೆಟ್ ಫೋಟೊಗಳ ಹಿಂದೆ ನಿಲ್ಲಬೇಕಿಲ್ಲ. ಆದರೂ ಒಂದು ಮಿತಿ ಇದ್ದೇ ಇದೆ: 1,500 ಬೈಟ್‌ನ ಫೋಟೊ ಪ್ಯಾಕೆಟ್ ಆಗಲೇ ತಂತಿ ಹತ್ತಿದ್ದರೆ ಅದು ಇಳಿಯುವ ತನಕ 6 ಮಿಲಿಸೆಕೆಂಡು ಚಿಲ್ಲರೆ ಕಾಯಬೇಕು. ಫೋನುಗಳು ಧ್ವನಿಯ ಪ್ಯಾಕೆಟ್‌ಗೆ ‘ಇದನ್ನು ಮೊದಲು ಬಿಡಿ’ ಎನ್ನುವ ಇಎಫ್ ಗುರುತು, ಅಂದರೆ ಡಿಎಸ್‌ಸಿಪಿ 46, ಹಾಕುತ್ತಿದ್ದವು. ಅದನ್ನು ನಮ್ಮ ರೌಟರ್ ತನಕ ಗೌರವಿಸಬಹುದು. ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ಅದರಾಚೆಗೆ ಆ ಗುರುತನ್ನು ನಂಬಿಕೊಂಡು ಕೂರುವಂತಿಲ್ಲ.

ಮಧ್ಯಾಹ್ನ ಹುಡುಗರು ಬಂದು ಕೂತ ಮೇಲೆ ಮತ್ತೆ ರಬ್ಬರ್ ಬ್ಯಾಂಡ್ ಪ್ರಯೋಗ ಮಾಡಿದಾಗ ಎರಡು ಮುಳ್ಳುಗಳ ನಡುವೆ 0.23 ಸೆಕೆಂಡು. ಗೇಟ್‌ವೇ ಪಿಂಗ್ 20ರ ಒಳಗೇ ಆಡುತ್ತಿತ್ತು. ಫೋಟೊಗಳು ಏರಿಯೇ ಏರುತ್ತಿದ್ದವು.

ಉಳಿದವು

ಪ್ರತಿಧ್ವನಿಯ ದೂರೂ ಒಂದಿತ್ತು. “ನನ್ನ ದನಿ ನನಗ ವಾಪಸ್ ಕೇಳಿಸ್ತದ್ರೀ” ಎಂದು. ಅದು ವಿಜಯಪುರದ ಮ್ಯಾನೇಜರ್ ಸ್ಪೀಕರ್ ಫೋನಿನಲ್ಲಿ ಮಾತಾಡುವುದರಿಂದ ಬರುತ್ತಿದ್ದದ್ದು. ಪ್ರತಿಧ್ವನಿ ಬೇಗ ಬಂದರೆ ಮಾತಾಡುವಾಗ ಕೇಳುವ ತನ್ನದೇ ದನಿಯೊಳಗೆ ಬೆರೆತುಹೋಗುತ್ತದೆ; ತಡವಾಗಿ ಬಂದಾಗಲೇ ಬೇರೆಯಾಗಿ ಕಿವಿಗೆ ಬಡಿಯುವುದು. ವಿಳಂಬ ಇಳಿದ ಮೇಲೆ ದೂರಿನ ಕಾವು ಇಳಿಯಿತು, ಹ್ಯಾಂಡ್‌ಸೆಟ್ ಎತ್ತಿ ಮಾತಾಡಿ ಎಂದ ಮೇಲೆ ನಿಂತಿತು.

ಊರೂರು ಸುತ್ತುವ ಸೇಲ್ಸ್‌ನವರು ಮೊಬೈಲ್ ಆ್ಯಪ್‌ನಿಂದ ಇದೇ ಎಕ್ಸ್‌ಚೇಂಜ್‌ಗೆ ಸೇರುತ್ತಾರೆ. ಅವರ ಕರೆಯಲ್ಲಿ ಮೊಬೈಲಿನ ಆಡಿಯೊ ವ್ಯವಸ್ಥೆಯೇ ಮೇಜಿನ ಫೋನಿಗಿಂತ ಹೆಚ್ಚು ತಿನ್ನುತ್ತದೆ, ಬ್ಲೂಟೂತ್ ಹಾಕಿಕೊಂಡರೆ ಇನ್ನೂ ಹೆಚ್ಚು. ತಂತಿಯ ಇಯರ್‌ಫೋನ್ ಹಚ್ಚಿ ಎಂದು ಹೇಳಿದ್ದೇನೆ. ಬೈಕ್ ಮೇಲಿರುವವರು ಕೇಳುತ್ತಾರೆ ಎಂಬ ಭರವಸೆ ನನಗಿಲ್ಲ.

ಬಳ್ಳಾರಿ ಶಾಖೆಗೆ ಫೈಬರ್ ಬಂದಿಲ್ಲ, 4ಜಿ ರೌಟರ್‌ನಲ್ಲಿ ನಡೆಯುತ್ತಿದೆ. ಅಲ್ಲಿ ಕೋಡೆಕ್ ಬದಲಿಸಿದ್ದು, ಸರ್ವರ್ ಮುಂಬೈಗೆ ಬಂದದ್ದು ಎರಡೂ ಕೆಲಸಕ್ಕೆ ಬಂದವು. ಆದರೆ ಅಪ್‌ಲೋಡ್ ವೇಗವನ್ನು ಒಂದು ಅಂಕಿಗೆ ಕಟ್ಟುವ ತಂತ್ರ ಅಲ್ಲಿ ಸರಿಹೋಗದು, ಏಕೆಂದರೆ 4ಜಿಯ ವೇಗ ಟವರಿನ ಜನಸಂದಣಿಯ ಮೇಲೆ ನಿಮಿಷಕ್ಕೊಂದು ತರ. ಯಾವ ಅಂಕಿಗೆ ಕಟ್ಟುವುದು? ರೇಡಿಯೊದಲ್ಲಿ ಕೆಟ್ಟ ತುಣುಕನ್ನು ಮತ್ತೆ ಕಳಿಸಲು ಪ್ರತಿ ಸಲ 8 ಮಿಲಿಸೆಕೆಂಡಿನಷ್ಟು ಹೋಗುತ್ತದೆ, ಅದು ಜಿಟರ್ ಆಗಿ ಬಫರನ್ನು ಉಬ್ಬಿಸುತ್ತದೆ. ಅಲ್ಲಿನ ಕರೆಗಳು ಒಂದು ದಿಕ್ಕಿಗೆ 180, 200ರಲ್ಲಿ ಓಡುತ್ತಿವೆ. ಅಲ್ಲಿಂದ ದೂರು ಬಂದಿಲ್ಲ, ಫೈಬರ್ ಬರುವ ತನಕ ಅದನ್ನು ಮುಟ್ಟುವುದು ಬೇಡ ಎಂದು ಮಾಲೀಕರಿಗೆ ಬರೆದುಕೊಟ್ಟಿದ್ದೇನೆ.